ಲಿಫ್ಟಪ್ಪನ ಮೆಟ್ಟಿಲು

ಆ ಕಟ್ಟಡಕ್ಕೆ ಎಂಟು ಮಹಡಿ, ನೂರಾ ಎಪ್ಪತ್ತಾರು ಮೆಟ್ಟಿಲು, ಒಂದು ಲಿಫ್ಟು. ಮೆಟ್ಟಿಲ ಲೆಕ್ಕ ಲಿಫ್ಟಪ್ಪನಿಗೆ ಇಪ್ಪತ್ತೊಂಬತ್ತು ವರ್ಷ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ದರ್ದೂ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಲಿಫ್ಟಿನ ಪೆಟ್ಟಿಗೆಯೊಳಗೆ ಸ್ಟೂಲಿನ ಮೇಲೆ ಕೂತರೆ ಸಂಜೆ ಆರಕ್ಕೆ ಏಳುತ್ತಿದ್ದ. ಮೆಟ್ಟಿಲು ಹತ್ತುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. “ದೇವರು ಕಾಲು ಕೊಟ್ಟು ಮರೆತ, ನಾನು ಜ್ಞಾಪಕ ಇಟ್ಕೊಂಡು ಲಿಫ್ಟು ತಂದಿದೀನಿ, ಬನ್ನಿ” ಅನ್ನುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕೆಲ್ಲ ಕಡೆ, ಸಿಟ್ಟು ಬಂದಾಗ ಹೆಂಡತಿಯ ಬಾಯಲ್ಲಿ ಸಹ, ಅವನು ಲಿಫ್ಟಪ್ಪನೇ.

ಅದು ಗುಂಡಿ ಒತ್ತಿದರೆ ತಾನಾಗಿ ಬಂದು ನಿಲ್ಲುವ ಈಗಿನ ಕಾಲದ ಲಿಫ್ಟಲ್ಲ. ಒಳಗೊಂದು ಹಿತ್ತಾಳೆಯ ಹಿಡಿ. ಎಡಕ್ಕೆ ತಿರುಗಿಸಿದರೆ ಮೇಲೆ, ಬಲಕ್ಕೆ ತಿರುಗಿಸಿದರೆ ಕೆಳಗೆ, ನಡುವಿಗೆ ತಂದರೆ ಮೋಟಾರು ನಿಂತು ಬ್ರೇಕು ಹಿಡಿಯುತ್ತದೆ. ಹಾಗಂತ ಪೆಟ್ಟಿಗೆ ಅಲ್ಲೇ ನಿಂತುಬಿಡುವುದಿಲ್ಲ, ಇನ್ನೊಂದು ಗೇಣು ಜಾರುತ್ತದೆ. ಆ ಗೇಣನ್ನು ಮೊದಲೇ ಲೆಕ್ಕ ಹಾಕಿ ಹಿಡಿಯನ್ನು ನಡುವಿಗೆ ತರಬೇಕು. ಒಳಗೆ ಹನ್ನೆರಡು ಜನರಿದ್ದರೆ ಒಂದು ಲೆಕ್ಕ, ಒಬ್ಬರೇ ಇದ್ದರೆ ಇನ್ನೊಂದು ಲೆಕ್ಕ. ಪೆಟ್ಟಿಗೆಯ ನೆಲಕ್ಕೂ ಮಹಡಿಯ ನೆಲಕ್ಕೂ ಕೊನೆಗೆ ಉಳಿಯುವ ವ್ಯತ್ಯಾಸವನ್ನು ಲಿಫ್ಟಿನವರು ಬೆರಳಿನಲ್ಲಿ ಅಳೆಯುತ್ತಾರೆ. ಒಂದು ಬೆರಳಾದರೆ ಪರವಾಗಿಲ್ಲ, ಎರಡಾದರೆ ನಾಚಿಕೆಗೇಡು, ಮೂರಾದರೆ ಯಾರಾದರೂ ಮುಗ್ಗರಿಸುತ್ತಾರೆ. ಲಿಫ್ಟಪ್ಪನದು ಸೊನ್ನೆ ಬೆರಳು. ಟ್ರಾಲಿಯಲ್ಲಿ ಗಾಜಿನ ಲೋಟ ಇಟ್ಟು ತಳ್ಳಿಕೊಂಡು ಬಂದವರು ಲೋಟ ಕದಲದಂತೆ ಇಳಿದುಹೋಗುತ್ತಿದ್ದರು. ಅದನ್ನು ಯಾರಾದರೂ ಹೊಗಳಲಿ ಎಂದು ಅವನು ಕಾಯುತ್ತಿದ್ದ, ಹೊಗಳಿದರೆ ಕೇಳಿಸದವನಂತೆ ಕೂರುತ್ತಿದ್ದ.

ಅವನು ರಜೆ ಹಾಕಿದ ದಿನ ಹಿಡಿ ಹಿಡಿಯುವವನು ನೀರಣ್ಣ. ನೆಲಮಾಳಿಗೆಯಲ್ಲಿ ನೀರಿನ ಪಂಪು ನೋಡಿಕೊಳ್ಳುವ, ಸದಾ ಒದ್ದೆ ಕೈಯ, ನಲವತ್ತರ ಆಸುಪಾಸಿನ ಮನುಷ್ಯ. ಹದಿನಾಲ್ಕು ವರ್ಷದ ಹಿಂದೆ ಅವನ ಕೈ ಮೇಲೆ ಕೈ ಇಟ್ಟು ಗೇಣಿನ ಲೆಕ್ಕ ಕಲಿಸಿದವನು ಲಿಫ್ಟಪ್ಪನೇ. ಅಂದಿನಿಂದ ಅವನ ಬಾಯಲ್ಲಿ ಲಿಫ್ಟಪ್ಪನಿಗೆ ‘ಅಣ್ಣಾ’. ಎರಡು ವರ್ಷ ಕಳೆದು ಲಿಫ್ಟಪ್ಪ ನಿವೃತ್ತನಾದಾಗ ಆ ಸ್ಟೂಲು ನೀರಣ್ಣನಿಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಕತ್ತಲೆಯ ಆ ಪಂಪಿನ ಕೋಣೆಯಿಂದ ಮೇಲೆ ಬರುವುದಕ್ಕೆ ಅವನಿಗೆ ಇದ್ದ ದಾರಿ ಅದೊಂದೇ.

ತಪ್ಪು ಶುರುವಾದದ್ದು ಒಂದು ಬೆರಳಿನಿಂದ. ಒಂದು ದಿನ ಆರನೇ ಮಹಡಿಯಲ್ಲಿ ಪೆಟ್ಟಿಗೆ ಒಂದು ಬೆರಳು ಮೇಲೆ ಹೋಗಿ ನಿಂತಿತು. ಮಾರನೆ ವಾರ ಒಂದೂವರೆ. ಲಿಫ್ಟಪ್ಪ ಬ್ರೇಕಿನ ಮೇಲೆ ಗುಮಾನಿಪಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರೆ ನಿಜ, ಆದರೆ ಇಪ್ಪತ್ತೊಂಬತ್ತು ವರ್ಷ ಚೆನ್ನಾಗಿ ಕುಣಿದವನೇ ನೆಲ ಡೊಂಕು ಅಂದರೆ ಯಾರು ಅಲ್ಲಗಳೆಯುತ್ತಾರೆ? ಮೆಕ್ಯಾನಿಕ್ಕನ್ನು ಕರೆಸಿದ. ಅವನನ್ನು ಎಲ್ಲರೂ ಗ್ರೀಸ್ ಮಾವ ಅನ್ನುತ್ತಿದ್ದರು, ಯಾರಿಗೂ ಮಾವನಾಗಿರಲಿಲ್ಲ. “ಬ್ರೇಕು ಸಡಿಲ ಆಗಿದೆ, ಜಾಸ್ತಿ ಜಾರ್ತಿದೆ” ಅಂದ ಲಿಫ್ಟಪ್ಪ. ಗ್ರೀಸ್ ಮಾವನ ಕಣ್ಣಿಗೆ ಬ್ರೇಕು ಸರಿಯಾಗಿಯೇ ಕಂಡಿತು, ಆದರೆ ಲಿಫ್ಟಿನ ವಿಷಯದಲ್ಲಿ ಲಿಫ್ಟಪ್ಪನ ಮಾತಿಗೆ ಎದುರಾಡುವ ರೂಢಿ ಆ ಕಟ್ಟಡದಲ್ಲಿ ಇರಲಿಲ್ಲ. ಅರ್ಧ ಸುತ್ತು ಬಿಗಿ ಮಾಡಿದ. ಪೆಟ್ಟಿಗೆ ಮತ್ತೆ ಸೊನ್ನೆ ಬೆರಳಿಗೆ ನಿಂತಿತು. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ, ಆಮೇಲೆ ಮತ್ತೊಮ್ಮೆ, ಒಟ್ಟು ಒಂದೂವರೆ ಸುತ್ತು. ಗೇಣು ಜಾರುತ್ತಿದ್ದ ಪೆಟ್ಟಿಗೆ ಈಗ ಗೇಣು ಮುಗಿಯಲು ನಾಲ್ಕು ಬೆರಳು ಇರುವಾಗಲೇ ಗಕ್ಕನೆ ನಿಲ್ಲುತ್ತಿತ್ತು. ಲಿಫ್ಟಪ್ಪನಿಗೆ ಅದೇ ಹದ ಅನ್ನಿಸಿತು.

ಮನೆಯಲ್ಲಿ ಬೇರೆ ಕಥೆ ನಡೆಯುತ್ತಿತ್ತು. ಅವನ ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಹಾಕುವವಳು. ದಿನಕ್ಕೆ ನೂರಾರು ಹಾಸಿಗೆ ಬಟ್ಟೆಯ ಸುಕ್ಕು ನೋಡುವ ಕಣ್ಣಿಗೆ ಗಂಡನ ಸುಕ್ಕು ಬೀಳದ ಮುಖ ಕಾಣದೆ ಇರುತ್ತದೆಯೇ? ನಡೆಯುವಾಗ ಬಲಗೈ ಬೀಸುವುದಿಲ್ಲ, ಕಾಣದ ಚೀಲ ಹಿಡಿದವನ ಹಾಗೆ ಮೈಗೆ ಅಂಟಿಕೊಂಡಿರುತ್ತದೆ. ಮಾತು ಹತ್ತಿರ ಹೋದರೆ ಮಾತ್ರ ಕೇಳಿಸುತ್ತದೆ. ಒಲೆಯ ಮೇಲೆ ಹಾಲು ಸೀದರೆ ಪಕ್ಕದಲ್ಲೇ ಕೂತವನಿಗೆ ವಾಸನೆ ಬರುವುದಿಲ್ಲ.

“ನನ್ನ ಮೇಲೆ ಏನಾದ್ರೂ ಸಿಟ್ಟಾ?” ಎಂದು ಒಂದು ದಿನ ಕೇಳಿದಳು.

“ಇಲ್ವಲ್ಲ.”

“ಹಾಗಾದ್ರೆ ಮುಖಕ್ಕೆ ಹೇಳಿ. ಅದಕ್ಕೆ ಗೊತ್ತಿಲ್ಲ.”

ಅವಳೇ ರಜೆ ಹಾಕಿಸಿ, ತಾನೂ ರಜೆ ಹಾಕಿ, ತನ್ನ ಆಸ್ಪತ್ರೆಯ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು, ಎಷ್ಟು ಅಗಲ ಆಗುತ್ತದೋ ಅಷ್ಟು, ಎಷ್ಟು ಬೇಗ ಆಗುತ್ತದೋ ಅಷ್ಟು. ಎಡಗೈ ಸರಿಯಾಗಿ ಬಡಿಯಿತು. ಬಲಗೈ ಮೊದಲು ಅಗಲವಾಗಿ, ಬರಬರುತ್ತ ಚಿಕ್ಕದಾಗಿ ಬಡಿದು, ಹನ್ನೊಂದನೇ ಸಲಕ್ಕೆ ನಿಂತಿತು. ಲಿಫ್ಟಪ್ಪ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಡಾಕ್ಟರು ಪಾರ್ಕಿನ್ಸನ್ ಅಂದರು.

“ಕೈ ನಡುಗ್ತಾ ಇಲ್ವಲ್ಲ ಡಾಕ್ಟ್ರೇ” ಅಂದಳು ಹೆಂಡತಿ.

“ಎಲ್ಲರಿಗೂ ನಡುಕದಿಂದಲೇ ಶುರು ಆಗಲ್ಲಮ್ಮ. ಇವರದು ತಡ. ಕೈ ತಡ ಮಾಡುತ್ತೆ, ಚಿಕ್ಕದಾಗಿ ಮಾಡುತ್ತೆ, ಆದರೆ ಅವರಿಗೆ ಮಾತ್ರ ಸರಿಯಾಗೇ ಮಾಡ್ತಿದೀನಿ ಅನ್ಸುತ್ತೆ. ಒಂದು ವರ್ಷದಿಂದ ಆದರೂ ಇರಬೇಕು.”

ಆಗ ಲಿಫ್ಟಪ್ಪನಿಗೆ ಬ್ರೇಕು ನೆನಪಾಯಿತು. ಬ್ರೇಕು ಯಾವತ್ತೂ ಸಡಿಲವಾಗಿರಲಿಲ್ಲ, ತಡವಾದದ್ದು ಕೈ. ತಾನು ಒಂದೂವರೆ ಸುತ್ತು ಬಿಗಿ ಮಾಡಿಸಿ ಇಡೀ ಲಿಫ್ಟನ್ನು ತನ್ನ ರೋಗದ ಅಳತೆಗೆ ಹೊಲಿಸಿಕೊಂಡಿದ್ದೇನೆ. ಇದೆಲ್ಲ ಅವನಿಗೆ ಸ್ಪಷ್ಟವಾಗಿ ತಿಳಿಯಿತು. ತಿಳಿಯಿತು ಅಷ್ಟೆ, ಏನೂ ಅನ್ನಿಸಲಿಲ್ಲ. ಹೆಂಡತಿ ಅಳುತ್ತಿದ್ದಳು. ಅವಳ ಸೆರಗಿಗೆ ಇಸ್ತ್ರಿಯ ಸುಟ್ಟ ಕಲೆ ಇದೆ ಎಂಬುದನ್ನು ಅವನು ಗಮನಿಸಿದ.

ಅದೇ ಬೆಳಿಗ್ಗೆ, ಅದೇ ಹೊತ್ತಿಗೆ, ಹಿಡಿ ನೀರಣ್ಣನ ಕೈಯಲ್ಲಿತ್ತು. ದಿನದ ಮೊದಲ ಸುತ್ತು, ಒಳಗೆ ಹತ್ತು ಜನ. ನಾಲ್ಕನೇ ಮಹಡಿಗೆ ಒಂದು ಗೇಣು ಇದೆ ಅನ್ನುವಾಗ ನೀರಣ್ಣ ಲಿಫ್ಟಪ್ಪ ಕಲಿಸಿದ ಹಾಗೆ, ಆರೋಗ್ಯವಂತರ ಲೆಕ್ಕದಲ್ಲಿ, ಹಿಡಿಯನ್ನು ನಡುವಿಗೆ ತಂದ. ಗಕ್ಕೆಂದು ಪೆಟ್ಟಿಗೆ ನಿಂತದ್ದು ಮಹಡಿಗಿಂತ ನಾಲ್ಕು ಬೆರಳು ಕೆಳಗೆ. ಅವನು ಸರಿಪಡಿಸುವ ಮುಂಚೆಯೇ ಯಾರೋ ಜಾಲರಿ ಬಾಗಿಲು ಎಳೆದರು. ನಾಲ್ಕನೇ ಮಹಡಿಯ ಟೈಪಿಸ್ಟ್ ಕಾಗದದ ಕಟ್ಟು ಹಿಡಿದು ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ನೆಲ ನೋಡದೆ ಕಾಲಿಟ್ಟಳು. ಕಾಲಿನ ಬೆರಳು ಅಂಚಿಗೆ ಬಡಿದು ಮುಗ್ಗರಿಸಿ ಕೈಯೂರಿ ಬಿದ್ದಳು. ಮಣಿಕಟ್ಟು ಎರಡು ಕಡೆ ಮುರಿಯಿತು. ಟೈಪಿಸ್ಟಿಗೆ ಮಣಿಕಟ್ಟು.

ಮರುದಿನ ಕಟ್ಟಡದ ಮೇಲ್ವಿಚಾರಕ ವಿಚಾರಣೆ ಇಟ್ಟ. ಒಳ್ಳೆಯ ಮನುಷ್ಯ, ಆದರೆ ಎಲ್ಲಕ್ಕೂ ಕಾಗದದಲ್ಲಿ ಒಂದು ಕಾಲಮು ಬೇಕು ಅನ್ನುವವನು. ಲಿಫ್ಟಪ್ಪನನ್ನು ಕರೆದು ಕೇಳಿದ. “ಲಿಫ್ಟು ಸರಿಯಾಗಿದೆಯಾ?”

“ಸರಿಯಾಗಿದೆ ಸಾರ್.”

ಆ ಹೊತ್ತಿಗೆ ಅದು ನಿಜವೂ ಆಗಿತ್ತು. ಸುದ್ದಿ ಕೇಳಿದ ಗ್ರೀಸ್ ಮಾವ ಯಾರೂ ಬರುವ ಮುಂಚೆ ಬಂದು ಒಂದೂವರೆ ಸುತ್ತು ಸಡಿಲಿಸಿ ಹೋಗಿದ್ದ. ಅವನೂ ಬಾಯಿ ಬಿಡಲಿಲ್ಲ, ಇವನೂ ಬಿಡಲಿಲ್ಲ. ಲಿಫ್ಟು ಸರಿ ಇದ್ದ ಮೇಲೆ ತಪ್ಪು ನಡೆಸಿದವನದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವ ಮಾತನ್ನು ಆ ಕಟ್ಟಡ ಅಕ್ಷರಶಃ ನಡೆಸಿಕೊಟ್ಟಿತು. ನೀರಣ್ಣ ಇನ್ನು ಮೇಲೆ ಹಿಡಿ ಮುಟ್ಟಬಾರದು, ಎರಡು ವರ್ಷದ ನಂತರದ ಆ ಜಾಗ ಅವನಿಗಿಲ್ಲ ಎಂದು ಕಾಗದವಾಯಿತು. ಅವನು ಕಾಗದವನ್ನು ಒದ್ದೆ ಕೈಯಲ್ಲಿ ತೆಗೆದುಕೊಂಡು, ಶಾಯಿ ಹರಡಿತೆಂದು ಮೇಲ್ವಿಚಾರಕನ ಕ್ಷಮೆ ಕೇಳಿ, ನೆಲಮಾಳಿಗೆಗೆ ಇಳಿದುಹೋದ.

ಕುಂಬಳಕಾಯಿ ಕಳ್ಳ ಅಂದರೆ ಕಳ್ಳನಾದವನು ಹೆಗಲನ್ನಾದರೂ ಮುಟ್ಟಿ ನೋಡಿಕೊಳ್ಳುತ್ತಾನೆ. ಲಿಫ್ಟಪ್ಪ ಅದನ್ನೂ ಮಾಡಲಿಲ್ಲ. ಅವನು ಕೆಟ್ಟವನಾಗಿದ್ದ ಅಂತಲ್ಲ. ಅವನೂ ಕಾದು ನೋಡಿದ. ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಭಯ ಆಗಬೇಕಿತ್ತು, ಆಗಲಿಲ್ಲ. ಆ ತಿಂಗಳೇ ಅವನನ್ನು ಎತ್ತಿ ಬೆಳೆಸಿದ ಅಕ್ಕ ತೀರಿಕೊಂಡಳು. ಹೋದ, ಕೂತ, ಎದ್ದು ಬಂದ. ಭಾವ ಅವನ ಭುಜ ಹಿಡಿದು ಅಳುತ್ತಿರುವಾಗ ಅವನು ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಿದೆ ಅಂದುಕೊಂಡ. ಆ ದಿನಗಳಲ್ಲಿ ಅವನೊಳಗೆ ಹೀಗೇ ಇತ್ತು. ಎಲ್ಲವೂ ಕಾಣುತ್ತಿತ್ತು, ಯಾವುದೂ ತಟ್ಟುತ್ತಿರಲಿಲ್ಲ.

ರೋಗದ ವಿಷಯವನ್ನು ಹೆಂಡತಿ ತಾನೇ ಬಂದು ಮೇಲ್ವಿಚಾರಕನಿಗೆ ಹೇಳಿದಳು. ಅವನು ಯೋಚಿಸಿ ಒಂದು ದಾರಿ ಮಾಡಿದ. ಮೂರು ತಿಂಗಳು ಲಿಫ್ಟಪ್ಪ ಬಾಗಿಲಲ್ಲಿ ಕೂತು ಬಂದುಹೋಗುವವರ ಪುಸ್ತಕ ಬರೆಯಲಿ, ಲಿಫ್ಟಿಗೆ ಹೊರಗಿನವರೊಬ್ಬರನ್ನು ತಾತ್ಕಾಲಿಕವಾಗಿ ಹಾಕೋಣ. ಮೂರು ತಿಂಗಳಾದ ಮೇಲೆ ಪರೀಕ್ಷೆ. ಎಂಟೂ ಮಹಡಿಯಲ್ಲಿ ಒಂದು ಬೆರಳಿನೊಳಗೆ ನಿಲ್ಲಿಸಿದರೆ ಉಳಿದ ಎರಡು ವರ್ಷ ಸ್ಟೂಲು ಅವನದು. ಬ್ರೇಕಿನ ವಿಷಯ ಹೇಳಿದರೆ ಪರೀಕ್ಷೆಯೇ ಇಲ್ಲ ಎಂಬುದು ಲಿಫ್ಟಪ್ಪನಿಗೆ ಹೊಳೆಯಿತು. ಸುಮ್ಮನಾದ. ಸುಮ್ಮನಾಗುವುದು ಅವನಿಗೆ ಕಷ್ಟವೂ ಆಗಲಿಲ್ಲ.

ಆಸ್ಪತ್ರೆಯ ನೆಲ ಅಂತಸ್ತಿನಲ್ಲಿ, ಇಸ್ತ್ರಿ ಕೋಣೆಯ ಎದುರಿಗೇ ಕಸರತ್ತಿನ ಕೋಣೆ. ಅಲ್ಲಿನ ಮೇಡಂ ಮೂವತ್ತರ ಗಟ್ಟಿಗಿತ್ತಿ, ಕೊರಳಲ್ಲಿ ಸೀಟಿ. ಲಿಫ್ಟಪ್ಪನನ್ನು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಹತ್ತಿಸಿದಳು.

“ಮಾತ್ರೆ ಕೊಟ್ಟಿದಾರಲ್ಲ” ಅಂದ ಅವನು.

“ಮಾತ್ರೆ ಬೇಕೇ ಬೇಕು. ಇದೂ ಬೇಕು. ಮೆದುಳಿನ ಒಂದು ಮೂಲೆಯಲ್ಲಿ ಡೋಪಮಿನ್ ಅನ್ನೋ ರಸ ತಯಾರು ಮಾಡೋ ಕಣಗಳಿರ್ತವೆ. ನಿಮ್ಮಲ್ಲಿ ಅರ್ಧದಷ್ಟು ಹೋಗಿಬಿಟ್ಟಿವೆ, ಅವು ವಾಪಸ್ ಬರಲ್ಲ. ಉಳಿದಿರೋವು ಸೋಮಾರಿ ಆಗಬಾರದು. ಏದುಸಿರು ಬರೋ ಹಾಗೆ ಮೈ ಬಗ್ಗಿಸಿದ್ರೆ ಇರೋ ರಸವನ್ನ ಮೆದುಳು ಚೆನ್ನಾಗಿ ಬಳಸ್ಕೊಳ್ಳುತ್ತೆ, ಹಾಳಾದ ದಾರಿ ಬಿಟ್ಟು ಬಳಸುದಾರಿ ಹುಡುಕುತ್ತೆ. ರೋಗವೇ ನಿಧಾನ ಆಗಬಹುದು ಅಂತಾನೂ ಪರೀಕ್ಷೆ ಮಾಡಿ ನೋಡ್ತಿದಾರೆ. ಖಾತ್ರಿ ಅಂತ ನಾನು ಬರೆದುಕೊಡಲ್ಲ.”

“ಎಷ್ಟು ಜೋರಾಗಿ ತುಳೀಬೇಕು?”

“ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗಬಾರದು. ಅಷ್ಟು.”

“ನಾನು ಹಾಡೋದೇ ಇಲ್ಲ.”

“ಅದಕ್ಕೇ ನಿಮಗೆ ಲೆಕ್ಕ ಸಿಗಲ್ಲ, ನಾನು ಹೇಳ್ತೀನಿ ತುಳೀರಿ” ಅಂದು ಮೇಡಂ ಚಪ್ಪಾಳೆ ತಟ್ಟತೊಡಗಿದಳು, ನಿಮಿಷಕ್ಕೆ ಎಂಬತ್ತು. ಅವನ ಕಾಲು ಐವತ್ತಕ್ಕೆ ಇಳಿಯುತ್ತಿತ್ತು. ಐವತ್ತೇ ಎಂಬತ್ತು ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಮೇಡಂ ಅಂದಳು, “ನಿಮ್ಮಷ್ಟಕ್ಕೆ ಬಿಟ್ರೆ ನಿಮ್ಮ ಮೆದುಳು ಇಷ್ಟು ಸಾಕು ಅಂದ್ಬಿಡುತ್ತೆ. ಯಾರಾದ್ರೂ ಮುಂದೆ ನಿಂತು ಎಳೀಬೇಕು. ವಾರಕ್ಕೆ ಮೂರು ದಿನ ನಾನು. ಮೆಟ್ಟಿಲು ಮಾತ್ರ ದಿನಾ ಹತ್ತಿ, ನಿಮಗಿಂತ ಬೇಗ ಹತ್ತೋರನ್ನ ಜೊತೆಗಿಟ್ಕೊಳ್ಳಿ.”

ಇಪ್ಪತ್ತೊಂಬತ್ತು ವರ್ಷ ಜನರನ್ನು ಮೆಟ್ಟಿಲಿನಿಂದ ಪಾರು ಮಾಡಿದವನಿಗೆ ಮೆಟ್ಟಿಲೇ ಔಷಧಿ. ಮೊದಲಿನ ಲಿಫ್ಟಪ್ಪನಾಗಿದ್ದರೆ ಇದನ್ನು ಒಂದು ವಾರ ಹೇಳಿಕೊಂಡು ನಗುತ್ತಿದ್ದ.

ಜೊತೆಗೆ ಬಂದವನು ನೀರಣ್ಣ. ಲಿಫ್ಟಪ್ಪ ಕೇಳಿರಲಿಲ್ಲ. ಬಾಗಿಲ ಮೇಜಿನ ಹತ್ತಿರ ಬಂದು ಅಂದ, “ಅತ್ತಿಗೆ ಫೋನು ಮಾಡಿದ್ರು. ಮಧ್ಯಾಹ್ನ ಟ್ಯಾಂಕು ತುಂಬಿಸಿದ ಮೇಲೆ ನನಗೇನು ಕೆಲಸ ಅಣ್ಣಾ. ಈಗ ಲಿಫ್ಟೂ ಇಲ್ಲ.” ಅದರಲ್ಲಿ ಕೊಂಕು ಇರಲಿಲ್ಲ, ಇದ್ದರೆ ಚೆನ್ನಾಗಿರುತ್ತಿತ್ತು.

ಮಧ್ಯಾಹ್ನ ಒಂದೂವರೆಗೆ ಶುರು. ಮೇಜಿನಿಂದ ಮೆಟ್ಟಿಲಿನವರೆಗೆ ಸಮತಟ್ಟಾದ ಹಜಾರ, ಅಲ್ಲೇ ಅವನ ಕಾಲು ನೆಲಕ್ಕೆ ಅಂಟುತ್ತಿತ್ತು. ಬಾಗಿಲ ಹೊಸ್ತಿಲು ಬಂದರೆ ಮುಗಿಯಿತು, ಅಂಗುಲ ಅಂಗುಲ ತಡವರಿಸಿ ನಿಂತುಬಿಡುತ್ತಿದ್ದ. ಮೆಟ್ಟಿಲಿನ ಮೇಲೆ ಮಾತ್ರ ವಿಚಿತ್ರ, ಕಾಲು ತಾನಾಗಿ ಏಳುತ್ತಿತ್ತು. ಪ್ರತಿ ಮೆಟ್ಟಿಲಿನ ಅಂಚೂ ಕಣ್ಣಿಗೆ ಗೆರೆಯಾಗಿ ಕಂಡು ಕಾಲಿಗೆ ಅಪ್ಪಣೆ ಕೊಡುತ್ತದೆ ಎಂದು ಮೇಡಂ ವಿವರಿಸಿದಳು. ನೀರಣ್ಣ ಎರಡು ಮೆಟ್ಟಿಲು ಮುಂದೆ. “ಎತ್ತಿ ಅಣ್ಣಾ. ಇನ್ನೂ ಎತ್ತಿ. ನಾಯಿಮರಿ ದಾಟೋ ಹಾಗಲ್ಲ, ಚರಂಡಿ ದಾಟೋ ಹಾಗೆ.” ಮೊದಲ ದಿನ ಎರಡು ಮಹಡಿ, ಹದಿನೇಳು ನಿಮಿಷ. ಮೂರನೇ ವಾರಕ್ಕೆ ಐದು ಮಹಡಿ. ಲಿಫ್ಟಪ್ಪನ ಅಂಗಿ ಬೆನ್ನಿಗೆ ಅಂಟುತ್ತಿತ್ತು, ಎದೆ ಬಡಿದುಕೊಳ್ಳುತ್ತಿತ್ತು, ಮುಖ ಮಾತ್ರ ಹಾಗೇ ಇರುತ್ತಿತ್ತು. ಎದುರಿಗೆ ಸಿಕ್ಕ ಗುಮಾಸ್ತರು “ಏನು ಲಿಫ್ಟಪ್ಪ, ಲಿಫ್ಟಿಗೆ ಡೈವೋರ್ಸಾ?” ಅನ್ನುತ್ತಿದ್ದರು. ಉತ್ತರ ಕೊಡುತ್ತಿದ್ದವನು ನೀರಣ್ಣ. “ಇಲ್ಲ ಸಾರ್, ಅಣ್ಣ ತವರಿಗೆ ಬಂದಿದಾರೆ.”

ಆರನೇ ವಾರಕ್ಕೆ ಎಂಟನೇ ಮಹಡಿ ಮುಟ್ಟಿದರು. ಮೇಲ್ಛಾವಣಿಯ ಬಾಗಿಲ ಹತ್ತಿರ ಕೂತು ನೀರು ಕುಡಿದರು. ನೀರಣ್ಣನಿಗೆ ಖುಷಿಯಾಗಿತ್ತು, ಅವನ ಮುಖದಲ್ಲಿ ಕಾಣುತ್ತಿತ್ತು. ಲಿಫ್ಟಪ್ಪ ಅದನ್ನು ನೋಡಿ, ಇವನು ಖುಷಿಯಾಗಿದ್ದಾನೆ ಎಂದು ಅರ್ಥ ಮಾಡಿಕೊಂಡ.

ಬದಲಾವಣೆ ಹೇಳಿ ಕೇಳಿ ಬರಲಿಲ್ಲ. ಬಂದುಹೋಗುವವರ ಪುಸ್ತಕದಲ್ಲಿ ಅವನ ಅಕ್ಷರ ಮೊದಲು ಇರುವೆ ಸಾಲಾಗಿತ್ತು. ಎಂಟನೇ ವಾರಕ್ಕೆ ಅಕ್ಷರ ಗೆರೆ ತುಂಬಿ ಬಂತು. ಅಂಗಿಯ ಗುಂಡಿ ತಾನೇ ಹಾಕಿಕೊಂಡ. ಒಂದು ಸಂಜೆ ಹೆಂಡತಿ ಟೀವಿಯ ಸದ್ದು ಜಾಸ್ತಿ ಮಾಡಿದಾಗ ಎದ್ದುಹೋಗಿ ಕೋಣೆಯ ಬಾಗಿಲನ್ನು ಧಡ್ಡೆಂದು ಹಾಕಿಕೊಂಡ. ಹೆಂಡತಿ ಆ ಮುಚ್ಚಿದ ಬಾಗಿಲ ಎದುರು ನಿಂತು ಸಂತೋಷಪಟ್ಟಳು. ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಅವಳ ಮೇಲೆ ರೇಗಿರಲಿಲ್ಲ.

ಹತ್ತನೇ ವಾರ, ಐದನೇ ಮಹಡಿಯ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ನೀರಣ್ಣ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

“ಅಣ್ಣಾ, ಒಂದು ಮಾತು. ಅವತ್ತು ನಾನು ಸರಿಯಾಗೇ ಬಿಟ್ಟಿದ್ದೆ ಅನ್ಸುತ್ತೆ. ನೀವು ಹೇಳ್ಕೊಟ್ಟ ಹಾಗೇ, ಒಂದು ಗೇಣಿಗೆ. ಆದ್ರೆ ಲಿಫ್ಟು ಸರಿಯಾಗಿತ್ತು ಅಂತ ನೀವೇ ಅಂದಿದೀರಿ. ಹಾಗಾದ್ರೆ ನನ್ನ ಕೈಯೇ ಸುಳ್ಳು ಹೇಳಿರ್ಬೇಕು. ಈಗ ಪಂಪಿನ ಸ್ವಿಚ್ಚು ಹಾಕೋವಾಗಲೂ ಎರಡೆರಡು ಸಲ ನೋಡ್ತೀನಿ. ನಿಮ್ಮ ಕಾಯಿಲೆ ನನಗೂ ಬಂದಿರಬಹುದಾ?”

ಅಂದು, ತನ್ನ ಮಾತಿಗೆ ತಾನೇ ನಕ್ಕು, “ಎತ್ತಿ ಅಣ್ಣಾ” ಎಂದು ಮುಂದೆ ಹತ್ತಿದ.

ಲಿಫ್ಟಪ್ಪನಿಗೆ ಎದೆಯಲ್ಲಿ ಏನೋ ಚುಚ್ಚಿತು. ಆರನೇ ಮಹಡಿ ಬಂದರೂ ಆ ನೋವು ಹೋಗಲಿಲ್ಲ, ಏಳು ಬಂದರೂ ಹೋಗಲಿಲ್ಲ. ಸಂಜೆ ಕಸರತ್ತಿನ ಕೋಣೆಯಲ್ಲಿ ಎದೆ ನೋವು ಅಂದ. ಮೇಡಂ ಗಾಬರಿಯಾಗಿ ಸೈಕಲ್ಲಿನಿಂದ ಇಳಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಇಸಿಜಿ ತೆಗೆಸಿದಳು. ರಕ್ತ ತೆಗೆದರು. ಮೂರು ಗಂಟೆ ಮಲಗಿಸಿದರು. ಹೃದಯದ ಡಾಕ್ಟರು ಕಾಗದ ನೋಡಿ, ನಿಮ್ಮ ವಯಸ್ಸಿಗೆ ಇಂಥ ಹೃದಯ ಇರೋದು ಪುಣ್ಯ ಅಂದರು.

“ಯಾವಾಗ ಶುರು ಆಯ್ತು ನೋವು?” ಮೇಡಂ ಪಕ್ಕದಲ್ಲಿ ಕೂತು ಕೇಳಿದಳು.

“ಮೆಟ್ಟಿಲ ಹತ್ತಿರ. ಒಬ್ಬ ಮಾತಾಡ್ತಿದ್ದ.”

“ಏನು ಮಾತು?”

ಅವನು ಹೊದಿಕೆಯ ಅಂಚನ್ನು ಸರಿಮಾಡಿಕೊಂಡ. ಮೇಡಂ ಅಂದಳು, “ಈ ಕಾಯಿಲೆ ಮೈಯನ್ನ ಮಾತ್ರ ಮರಗಟ್ಟಿಸಲ್ಲ. ಮನಸ್ಸನ್ನೂ ಹಿಡಿಯುತ್ತೆ. ಆ ರಸಕ್ಕೂ ಅನ್ನಿಸೋದಕ್ಕೂ ಸಂಬಂಧ ಇದೆ. ಮಾತ್ರೆ, ಕಸರತ್ತು ಎರಡೂ ಹಿಡಿದ್ರೆ ಕೆಲವರಿಗೆ ಅದೂ ಸ್ವಲ್ಪ ವಾಪಸ್ ಬರುತ್ತೆ. ಒಳ್ಳೇದು ಮಾತ್ರ ಆರಿಸಿಕೊಂಡು ಬರಲ್ಲ.”

ಲಿಫ್ಟಪ್ಪ ಆ ಹಾಸಿಗೆಯ ಮೇಲೆ, ಹೆಂಡತಿಯೇ ಇಸ್ತ್ರಿ ಹಾಕಿರಬಹುದಾದ ಬಟ್ಟೆಯ ಮೇಲೆ ಮಲಗಿ, ಅದು ಏನು ನೋವು ಎಂಬುದನ್ನು ಗುರುತು ಹಿಡಿದ. ಬಹಳ ದಿನದ ಮೇಲೆ ಬಂದ ಪರಿಚಯದವರ ಹೆಸರು ತಟ್ಟನೆ ಹೊಳೆಯದ ಹಾಗೆ ಆಗಿತ್ತು ಅವನಿಗೆ. ಅದು ನಾಚಿಕೆ. ಅದರ ಹಿಂದೆಯೇ ಅಕ್ಕ ಸತ್ತದ್ದೂ ಬಂತು. ಅವನು ಮಗ್ಗುಲಾಗಿ ಮಲಗಿದ.

ಇನ್ನು ಎರಡು ವಾರ ಉಳಿದಿತ್ತು. ಆ ಎರಡು ವಾರ ಅವನು ನೀರಣ್ಣನ ಹಿಂದೆ ಮೆಟ್ಟಿಲು ಹತ್ತಿದ, ದಿನಾ ಎಂಟು ಮಹಡಿ, ದಿನಾ ಇವತ್ತು ಹೇಳುತ್ತೇನೆ ಎಂದುಕೊಂಡು. ಹೇಳಿದರೆ ಸ್ಟೂಲು ಹೋಗುತ್ತದೆ. ಮೂರು ತಿಂಗಳ ಬೆವರು ಸುರಿಸಿದ್ದೇ ಆ ಸ್ಟೂಲಿಗಾಗಿ. ಸೊನ್ನೆ ಬೆರಳಿಗೆ ನಿಲ್ಲಿಸುವುದನ್ನು ಬಿಟ್ಟರೆ ಜಗತ್ತಿನಲ್ಲಿ ತನಗೆ ಬೇರೇನು ಬರುತ್ತದೆ? ಮೊದಲಾದರೆ ಸುಮ್ಮನಿರುವುದು ಸಲೀಸಾಗಿತ್ತು. ಈಗ ಒಂದೊಂದು ಮಹಡಿಯೂ ಭಾರ. ಭಯವೂ ಬಂದಿತ್ತು, ಅದೂ ಸರಿಯಾಗಿ ಬಂದಿತ್ತು. ಅವನು ಮೇಡಂ ಮೇಲೆ ಮನಸ್ಸಿನಲ್ಲೇ ಸಿಟ್ಟಾದ, ಕಾಲು ಸರಿ ಮಾಡು ಅಂದರೆ ಇವಳು ಎಲ್ಲೆಲ್ಲೋ ಕೈಹಾಕಿದಳು ಎಂದು.

ಪರೀಕ್ಷೆಯ ದಿನ ಮೇಲ್ವಿಚಾರಕ ತಾನೇ ಪೆಟ್ಟಿಗೆಯೊಳಗೆ ನಿಂತ. ಒಂದೊಂದು ಮಹಡಿಗೂ ಬಗ್ಗಿ ಬೆರಳಿಟ್ಟು ನೋಡಿದ. ಒಂದು, ಸೊನ್ನೆ. ಎರಡು, ಸೊನ್ನೆ. ಏಳರಲ್ಲಿ ಒಂದು ಬೆರಳು. ಎಂಟರಲ್ಲಿ ಸೊನ್ನೆ. ಕೈ ಹೇಳಿದ ಮಾತು ಕೇಳಿತ್ತು. ಬ್ರೇಕು ತನ್ನ ಹಳೆಯ ಗೇಣು ಜಾರಿತ್ತು. ಕೆಳಗೆ ಬಂದ ಮೇಲೆ ಮೇಲ್ವಿಚಾರಕ ಕೋಣೆಯಲ್ಲಿ ಕಾಗದ ತುಂಬಿಸಿ ಅವನ ಕಡೆ ತಿರುಗಿಸಿದ.

“ನನಗೇ ನಂಬಿಕೆ ಇರ್ಲಿಲ್ಲ. ಸೋಮವಾರದಿಂದ ಕೂತ್ಕೊ. ಇಲ್ಲಿ ಸಹಿ.”

ಲಿಫ್ಟಪ್ಪ ಪೆನ್ನು ಎತ್ತಿಕೊಳ್ಳಲಿಲ್ಲ. “ಬ್ರೇಕು ಬಿಗಿ ಮಾಡ್ಸಿದ್ದು ನಾನು ಸಾರ್” ಅಂದ. ಮೂರು ತಿಂಗಳಿಂದ ಮೇಡಂ ಅವನಿಗೆ ಜೋರಾಗಿ ಮಾತಾಡುವುದನ್ನೂ ಅಭ್ಯಾಸ ಮಾಡಿಸಿದ್ದಳು, ಎದೆಯಿಂದ, ಎದುರು ಗೋಡೆಗೆ ಕೇಳಿಸುವ ಹಾಗೆ. ಹಾಗಾಗಿ ಹಜಾರದಲ್ಲಿ ಇದ್ದವರೆಲ್ಲರಿಗೂ ಕೇಳಿಸಿತು. “ನನ್ನ ಕೈ ತಡ ಆಗ್ತಿತ್ತು. ಗೊತ್ತಾಗದೆ ಬ್ರೇಕು ಅಂದ್ಕೊಂಡು ಮೂರು ಸಲ ಬಿಗಿ ಮಾಡ್ಸಿದೆ. ನೀರಣ್ಣ ಸರಿಯಾಗೇ ಬಿಟ್ಟಿದಾನೆ. ಲಿಫ್ಟು ನನ್ನ ಕಾಯಿಲೆಗೆ ಹೊಂದ್ಕೊಂಡಿತ್ತು, ಅವನ ಕೈಗೆ ಕಾಯಿಲೆ ಇರ್ಲಿಲ್ಲ.”

ಮೇಲ್ವಿಚಾರಕ ಕನ್ನಡಕ ತೆಗೆದು ಇಟ್ಟ. “ಇದು ನಿನಗೆ ಯಾವಾಗ ಗೊತ್ತಾಯ್ತು?”

“ಅವತ್ತೇ. ಡಾಕ್ಟರ ಹತ್ತಿರ.”

“ಮತ್ತೆ ಮೂರು ತಿಂಗಳು ಯಾಕೆ ಸುಮ್ಮನಿದ್ದೆ?”

“ಏನೂ ಅನ್ನಿಸ್ತಿರ್ಲಿಲ್ಲ ಸಾರ್.”

“ಈಗ?”

“ಈಗ ಅನ್ನಿಸುತ್ತೆ.”

ಮೇಲ್ವಿಚಾರಕ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅನ್ನಿಸುವುದನ್ನು ಬರೆಯುವುದಕ್ಕೆ ಅದರಲ್ಲಿ ಕಾಲಮು ಇರಲಿಲ್ಲ.

ನೀರಣ್ಣನಿಗೆ ಬೇರೆಯವರಿಂದ ತಿಳಿಯುವುದು ಬೇಡ ಎಂದು ಲಿಫ್ಟಪ್ಪ ತಾನೇ ನೆಲಮಾಳಿಗೆಗೆ ಇಳಿದ. ಪಂಪಿನ ಕೋಣೆಯ ಬಾಗಿಲಲ್ಲಿ ಕಾಲು ಅಂಟಿತು. ಹೊಸ್ತಿಲ ಹೊರಗೇ ನಿಂತು ಹೇಳಿದ, ಮೊದಲಿನಿಂದ ಕೊನೆಯವರೆಗೆ. ನೀರಣ್ಣ ಕೈ ಒರೆಸಿಕೊಳ್ಳುತ್ತ ಕೇಳಿದ. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದ.

“ದಿನಾ ನಾನು ಮುಂದೆ, ನೀವು ಹಿಂದೆ” ಅಂದ ಕೊನೆಗೆ. “ಒಂದು ದಿನ ಹೇಳ್ಬಹುದಿತ್ತು.”

ಆಮೇಲೆ ಪಂಪಿನ ಸ್ವಿಚ್ಚು ಹಾಕಿದ. ಆ ಸದ್ದಿನಲ್ಲಿ ಲಿಫ್ಟಪ್ಪ ಇನ್ನೇನಾದರೂ ಹೇಳಿದ್ದರೂ ಕೇಳಿಸುತ್ತಿರಲಿಲ್ಲ.

ಸೋಮವಾರದಿಂದ ಸ್ಟೂಲಿನ ಮೇಲೆ ನೀರಣ್ಣ ಕೂತ. ಕಾಯಂ. ಲಿಫ್ಟಪ್ಪನಿಗೆ ಬಾಗಿಲ ಮೇಜು, ಬಂದುಹೋಗುವವರ ಪುಸ್ತಕ. ಕೈ ಸರಿಹೋದ ಟೈಪಿಸ್ಟ್ ಒಂದು ದಿನ ಬಂದು ಅವನಿಗೆ ನಾಲ್ಕು ಮಾತು ಅಂದು ಹೋದಳು, ಅವನು ಎದ್ದು ನಿಂತು ಕೇಳಿಸಿಕೊಂಡ. ಹೆಂಡತಿಗೆ ಎಲ್ಲ ಹೇಳಿದ. ಅವಳು ಅವನ ಅಂಗಿಯನ್ನು ಮಡಿಸಿಟ್ಟು “ಕಸರತ್ತು ಬಿಡಬೇಡಿ” ಅಂದಳು.

ಬಿಡಲಿಲ್ಲ. ಮಧ್ಯಾಹ್ನ ಒಂದೂವರೆಗೆ ಒಬ್ಬನೇ ಹೊರಟ. ಮುಂದೆ ಯಾರೂ ಇಲ್ಲದೆ ಹೋದಾಗ ಕಾಲು ತನ್ನಿಷ್ಟಕ್ಕೆ ನಿಧಾನವಾಯಿತು. ತಾನು ಬೇಗ ಹತ್ತುತ್ತಿದ್ದೇನೆ ಎಂದು ಅವನಿಗೆ ಅನ್ನಿಸುತ್ತಿತ್ತು, ಗಡಿಯಾರ ಬೇರೆ ಹೇಳುತ್ತಿತ್ತು. ನಾಲ್ಕನೇ ದಿನ ಐದನೇ ಮಹಡಿಯಲ್ಲಿ ಗೋಡೆ ಹಿಡಿದು ನಿಂತಿದ್ದಾಗ ಪಕ್ಕದಲ್ಲೇ ಲಿಫ್ಟು ಬಂದು ನಿಂತಿತು. ಇಬ್ಬರು ಇಳಿದು ಹೋದರು. ಪೆಟ್ಟಿಗೆ ಖಾಲಿ. ನೀರಣ್ಣ ಜಾಲರಿಗೆ ಕೈಯಿಟ್ಟು ಅವನನ್ನು ನೋಡಿದ.

“ಮೇಲಕ್ಕಾ ಸಾರ್?” ಎಂದು ಕೇಳಿದ.

ಸಿಟ್ಟಿನಲ್ಲಿ ಕೇಳಲಿಲ್ಲ. ದಿನಕ್ಕೆ ನೂರು ಜನರನ್ನು ಕೇಳುವ ಹಾಗೆ ಕೇಳಿದ. ಹದಿನಾಲ್ಕು ವರ್ಷದಲ್ಲಿ ಅವನು ಲಿಫ್ಟಪ್ಪನನ್ನು ಸಾರ್ ಅಂದದ್ದು ಅದೇ ಮೊದಲು. ಲಿಫ್ಟಪ್ಪನಿಗೆ ನೋವಾಯಿತು. ಅಕ್ಕ ಸತ್ತಾಗ ಆಗಬೇಕಿದ್ದಷ್ಟು ಆಯಿತು. ಮುಖ ಅಷ್ಟಾಗಿ ಕದಲದಿದ್ದರೂ ಕಣ್ಣಿನಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲು ಕೈ ಎತ್ತಿದ, ಕೈ ತಡವಾಗಿ ಬಂತು.

“ಬೇಡಪ್ಪ” ಅಂದ. “ಮೆಟ್ಟಿಲಲ್ಲೇ ಹೋಗ್ತೀನಿ.”

ನೀರಣ್ಣ ಜಾಲರಿ ಎಳೆದುಕೊಂಡ. ಪೆಟ್ಟಿಗೆ ಮೇಲೆ ಹೋಯಿತು. ಲಿಫ್ಟಪ್ಪ ಮುಂದಿನ ಮೆಟ್ಟಿಲಿನ ಅಂಚು ನೋಡುತ್ತ, ಗಟ್ಟಿಯಾಗಿ ತಾನೇ ಎಣಿಸಿಕೊಳ್ಳುತ್ತ ಕಾಲೆತ್ತಿದ. ಇನ್ನೂ ಮೂರು ಮಹಡಿ ಇತ್ತು.